ತುರಿಯಿಂದ ಮರಳಿ ಬಂದ ಅಲ್ಯೂಮಿನಿಯಂ ದುರ್ಬಲವೇ?

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಸಿಎನ್‌ಸಿ ವರ್ಕ್‌ಶಾಪ್ ಇದೆ. 6061 ಮತ್ತು 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹಗಳ ಬಿಡಿಭಾಗಗಳನ್ನು ಕಡೆಯುವಾಗ ಬೀಳುವ ತುರಿಯನ್ನೆಲ್ಲ ಒಂದೇ ಡ್ರಮ್ಮಿಗೆ ತುಂಬಿ ಗುಜರಿಗೆ ಕೊಡುತ್ತೇವೆ. ಒಮ್ಮೆ ಕರಗಿಸಿದ ಅಲ್ಯೂಮಿನಿಯಂ ಮೊದಲಿನಷ್ಟು ಗಟ್ಟಿಯಾಗಿರುವುದಿಲ್ಲವೆಂದು ವ್ಯಾಪಾರಿ ಬೆಲೆ ಇಳಿಸುತ್ತಾರೆ. ಇದು ನಿಜವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ವ್ಯಾಪಾರಿ ಕೊಡುವ ಕಾರಣ ತಪ್ಪು, ಆದರೆ ನಿಮ್ಮ ಡ್ರಮ್ಮಿನ ಮಟ್ಟಿಗೆ ಅವರು ಬೆಲೆ ಇಳಿಸುವುದನ್ನು ಅನ್ಯಾಯವೆನ್ನಲಾರೆ.

ಕರಗಿದ ಮಾತ್ರಕ್ಕೆ ಅಲ್ಯೂಮಿನಿಯಂ ಸತ್ವ ಕಳೆದುಕೊಳ್ಳುವುದಿಲ್ಲ. 6061ರ ಬಲ ಬರುವುದು ಅದರಲ್ಲಿರುವ ಶೇ. 0.8ರಿಂದ 1.2ರಷ್ಟು ಮೆಗ್ನೀಸಿಯಂ ಮತ್ತು ಶೇ. 0.4ರಿಂದ 0.8ರಷ್ಟು ಸಿಲಿಕಾನ್, ಶಾಖೋಪಚಾರದ ವೇಳೆ ಒಟ್ಟುಗೂಡಿ ಲೋಹದೊಳಗೆ ಅತಿಸೂಕ್ಷ್ಮ ಕಣಗಳಾಗಿ ಹರಡಿಕೊಳ್ಳುವುದರಿಂದ. ತುರಿಯನ್ನು ಕರಗಿಸಿದಾಗ ಈ ಕಣಗಳು ಇಲ್ಲವಾಗುತ್ತವೆ, ನಿಜ. ಆದರೆ ಉರಿದುಹೋದಷ್ಟು ಮೆಗ್ನೀಸಿಯಂ ಸೇರಿಸಿ, ಎರಕದ ಗಟ್ಟಿಯನ್ನು ಎಕ್ಸ್‌ಟ್ರೂಷನ್‌ಗೆ (ಅಚ್ಚಿನ ರಂಧ್ರದ ಮೂಲಕ ಒತ್ತಿ ಹೊರತೆಗೆಯುವುದಕ್ಕೆ) ಒಳಪಡಿಸಿ, ಕಾಯಿಸಿ ಥಟ್ಟನೆ ತಣಿಸಿ ಮತ್ತೆ ಹದವಾಗಿ ಬಿಸಿಮಾಡುವ ಟಿ6 ಉಪಚಾರವನ್ನು ಮತ್ತೆ ಕೊಟ್ಟರೆ ಸುಮಾರು 310 ಮೆಗಾಪಾಸ್ಕಲ್‌ನ ಕರ್ಷಣ ಬಲವನ್ನು (ಎಳೆತವನ್ನು ತಡೆಯುವ ಬಲವನ್ನು) ಮರಳಿ ಪಡೆಯಬಹುದು. ಹಳೆಯ ಲೋಹವನ್ನು ಕರಗಿಸಿ ಮರಳಿ ಪಡೆಯಲು ತಗಲುವ ಶಕ್ತಿ, ಬಾಕ್ಸೈಟ್‌ನಿಂದ ಹೊಸ ಲೋಹ ತೆಗೆಯಲು ಬೇಕಾದುದರ ಸುಮಾರು ಶೇ. 5ರಷ್ಟು ಮಾತ್ರ.

ತೊಡಕಿರುವುದು ಬೆರಕೆಯಲ್ಲಿ. 7075ರಲ್ಲಿ ಸತು ಶೇ. 5.1ರಿಂದ 6.1ರಷ್ಟಿದ್ದರೆ, 6061ರಲ್ಲಿ ಅದು ಶೇ. 0.25ನ್ನು ಮೀರುವಂತಿಲ್ಲ. ಎರಡನ್ನೂ ಸಮಪಾಲಿನಲ್ಲಿ ಕರಗಿಸಿದರೆ ಸುಮಾರು ಶೇ. 2.8ರಷ್ಟು ಸತುವಿರುವ, ಆ ಕಡೆಗೂ ಸಲ್ಲದ ಈ ಕಡೆಗೂ ಸಲ್ಲದ ಲೋಹ ಸಿಗುತ್ತದೆ. 7075ರಿಂದ ಬಂದ ತಾಮ್ರವು ತುಕ್ಕುನಿರೋಧಕ ಗುಣವನ್ನೂ ತಗ್ಗಿಸುತ್ತದೆ. ಇಂಥ ಬೆರಕೆಯನ್ನು ಸರಿಪಡಿಸಲು ಶುದ್ಧ ಲೋಹ ಸೇರಿಸಿ ತೆಳುಗೊಳಿಸಬೇಕು, ಇಲ್ಲವೇ ಎರಕದ ಮಿಶ್ರಲೋಹಗಳಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಮುಗಿಸಬೇಕು.

ಕಬ್ಬಿಣದ ಕಾಟ ಇನ್ನೂ ಹಠಮಾರಿ. ಉಕ್ಕಿನ ಚೂರು, ಮುರಿದ ಟ್ಯಾಪ್ (ರಂಧ್ರದೊಳಗೆ ತಿರುಪು ಕೊರೆಯುವ ಉಪಕರಣ), ಸ್ಕ್ರೂಗಳ ಮೂಲಕ ಕುಲುಮೆ ಸೇರುವ ಕಬ್ಬಿಣವು ಘನ ಅಲ್ಯೂಮಿನಿಯಂನಲ್ಲಿ ಬಹುತೇಕ ಕರಗದೆ, ಸಿಲಿಕಾನ್ ಜೊತೆಗೂಡಿ ಸೂಜಿಯಂತೆ ಕಾಣುವ ಪೆಡಸು ಹರಳುಗಳಾಗುತ್ತದೆ. ಬಿರುಕು ಹುಟ್ಟುವುದು ಅಲ್ಲಿಯೇ. ಗಡಸುತನದ ಪರೀಕ್ಷೆಯಲ್ಲಿ ಈ ದೋಷ ಗೊತ್ತಾಗದಿರಬಹುದು, ಏಕೆಂದರೆ ಮೊದಲು ಕುಸಿಯುವುದು ಎಳೆದಾಗ ಮುರಿಯದೆ ಉದ್ದವಾಗುವ ಲೋಹದ ಗುಣ. ಮ್ಯಾಂಗನೀಸ್ ಸೇರಿಸಿದರೆ ಹರಳುಗಳ ಆಕಾರ ಅಷ್ಟು ಅಪಾಯಕಾರಿಯಲ್ಲದ ರೂಪಕ್ಕೆ ತಿರುಗುತ್ತದೆಯೇ ಹೊರತು ಕಬ್ಬಿಣವೇನೂ ಹೊರಹೋಗುವುದಿಲ್ಲ. (ಕರಗಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸುವ ಡೈಕಾಸ್ಟಿಂಗ್‌ನವರಿಗೆ ಮಾತ್ರ ಸಾಮಾನ್ಯವಾಗಿ ಸ್ವಲ್ಪ ಕಬ್ಬಿಣ ಬೇಕು, ಅದಿದ್ದರೆ ಲೋಹ ಅಚ್ಚಿಗೆ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ.)

ತುರಿಗೆ ಮೇಲ್ಮೈ ಹೆಚ್ಚಿರುವುದರಿಂದ ಆಕ್ಸೈಡ್ ಆಗಿ ನಷ್ಟವಾಗುವ ಪಾಲೂ ಹೆಚ್ಚು. ಅಂಟಿದ ಕೂಲಂಟ್‌ನ (ಕಡೆಯುವಾಗ ಸುರಿಯುವ ತಂಪುದ್ರವದ) ನೀರಿನಂಶದಿಂದ ಹೈಡ್ರೋಜನ್ ಸೇರಿ, ಎರಕದಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ.

ಆದ್ದರಿಂದ ಎರಡು ಮಿಶ್ರಲೋಹಗಳಿಗೆ ಎರಡು ಡ್ರಮ್ ಇಡಿ, ಒಂದರ ಕೆಲಸ ಮುಗಿದು ಇನ್ನೊಂದನ್ನು ಹಿಡಿಯುವ ಮುನ್ನ ಯಂತ್ರದ ತಟ್ಟೆಯನ್ನು ಗುಡಿಸಿ, ಕೂಲಂಟ್ ಸೋರಿಹೋಗಲು ಬಿಟ್ಟು, ತುರಿಯ ಮೇಲೆ ಒಮ್ಮೆ ಅಯಸ್ಕಾಂತ ಆಡಿಸಿ. ಆಮೇಲೆ ಲೋಹದಲ್ಲಿ ಯಾವುದು ಎಷ್ಟಿದೆಯೆಂದು ತೋರಿಸುವ ಸ್ಪೆಕ್ಟ್ರೋಮೀಟರ್ ವರದಿಯನ್ನು ಮುಂದಿಟ್ಟು ಬೆಲೆಯ ಮಾತು ತೆಗೆಯಿರಿ.