ಜನವರಿಯ ಮಂಜುಗಡ್ಡೆಯ ಕೆಳಗೆ ಕ್ರಾಪಿಯನ್ನು ಹುಡುಕುವ ಬಗೆ

ನಮಸ್ಕಾರ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನ್ನೆಟೊಂಕಾ ಕೆರೆಯ ಕೊಲ್ಲಿಯೊಂದರಲ್ಲಿ, ಡಿಸೆಂಬರ್‌ನಲ್ಲಿ ಕ್ರಾಪಿ ಎಂಬ ಸಿಹಿನೀರಿನ ಮೀನು ಸಿಕ್ಕಿದ್ದ ಅದೇ ಹತ್ತಡಿ ನೀರಿನ ಮೇಲೆ ಜನವರಿಯಲ್ಲಿ ದಿನವಿಡೀ ಕುಳಿತರೂ ಅಂಗೈಯಗಲದ ಸನ್‌ಫಿಶ್ ಬಿಟ್ಟರೆ ಬೇರೇನೂ ಬರಲಿಲ್ಲ, ಎರೆ ಬದಲಿಸಬೇಕೇ ಎಂದು ಕೇಳಿದ್ದೀರಿ. ಎರೆಯ ವಿಚಾರ ಆಮೇಲಿನದು. ನೀವು ಮೊದಲು ಬದಲಿಸಬೇಕಾದುದು ಜಾಗವನ್ನು, ಅದಾದ ಮೇಲೆ ಗಾಳ ತೂಗುವ ಎತ್ತರವನ್ನು.

ನೀರು ಹೆಪ್ಪುಗಟ್ಟಿದ ಹೊಸದರಲ್ಲಿ ಕೊಲ್ಲಿಯ ತಳದ ಗಿಡಗಳು ಇನ್ನೂ ಹಸಿರಾಗಿರುತ್ತವೆ. ತೆಳುವಾದ ಮಂಜುಗಡ್ಡೆಯ ಮೂಲಕ ಬೆಳಕು ಇಳಿಯುವುದರಿಂದ ಅವು ಆಮ್ಲಜನಕ ಬಿಡುತ್ತಿರುತ್ತವೆ, ಅವುಗಳ ಸಂದಿಯಲ್ಲಿ ಮರಿಮೀನುಗಳೂ ಹುಳಗಳೂ ಇರುತ್ತವೆ, ಕ್ರಾಪಿಯೂ ಅಲ್ಲಿಯೇ ಸುಳಿದಾಡುತ್ತದೆ. ಹಿಮ ದಪ್ಪವಾಗಿ ಬಿದ್ದು ಬೆಳಕು ನಿಂತ ಮೇಲೆ ಗಿಡಗಳು ಕೊಳೆಯತೊಡಗುತ್ತವೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನೇ ಹೀರಿಕೊಳ್ಳುತ್ತವೆ. ಆಗ ಕ್ರಾಪಿಯ ಹಿಂಡುಗಳು ಹೆಚ್ಚಾಗಿ 20ರಿಂದ 35 ಅಡಿ ಆಳದ ಮಡುಗಳ ಕಡೆಗೆ ಸರಿಯುತ್ತವೆ; ಸನ್‌ಫಿಶ್ ಮರಿಗಳು ಮಾತ್ರ ಉಳಿದ ಗಿಡಗಳ ಬಳಿ ನಿಲ್ಲುತ್ತವೆ. ನಿಮಗೆ ಆದ ಅನುಭವಕ್ಕೆ ಇದೇ ಕಾರಣವಿರಬೇಕು.

ಮಡುವಿಗೆ ಹೋದ ಕ್ರಾಪಿ ತಳದಲ್ಲಿ ಮಲಗಿರುತ್ತದೆ ಎಂದು ತಿಳಿಯಬಾರದು. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿರುವುದರಿಂದ ಚಳಿಗಾಲದಲ್ಲಿ ತಳದ ನೀರು ಬೆಚ್ಚಗಿದ್ದು, ಮಂಜುಗಡ್ಡೆಗೆ ತಾಗಿದ ನೀರು ಸೊನ್ನೆಯ ಹತ್ತಿರವಿರುತ್ತದೆ. ಆದರೆ ಆಮ್ಲಜನಕ ಕಡಿಮೆಯಾಗುತ್ತ ಬರುವುದು ತಳದಿಂದಲೇ. ಈ ಎರಡರ ನಡುವೆ ತನಗೆ ಹೊಂದುವ ಎತ್ತರವನ್ನು ಆರಿಸಿಕೊಂಡು ಹಿಂಡು ನಡುನೀರಿನಲ್ಲಿ ತೇಲಿ ನಿಲ್ಲುತ್ತದೆ. ಮೂವತ್ತು ಅಡಿ ಆಳದಲ್ಲಿ ಮೀನು ಹದಿನೆಂಟು ಅಡಿಯಲ್ಲಿದ್ದು, ನಿಮ್ಮ ಗಾಳ ಇಪ್ಪತ್ತೊಂಬತ್ತು ಅಡಿಯಲ್ಲಿದ್ದರೆ ಎಂತಹ ಎರೆಯೂ ಪ್ರಯೋಜನಕ್ಕೆ ಬರುವುದಿಲ್ಲ.

ಆದ್ದರಿಂದ ಮನೆಯಿಂದ ಹೊರಡುವ ಮೊದಲೇ ಕೆರೆಯ ಆಳದ ನಕ್ಷೆಯನ್ನು ನೋಡಿಕೊಳ್ಳಿ. ಮಿನ್ನೆಸೋಟಾ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಜಾಲತಾಣವಾದ ಲೇಕ್‌ಫೈಂಡರ್‌ನಲ್ಲಿ ಸಾವಿರಾರು ಕೆರೆಗಳ ವಿವರ, ಅನೇಕ ಕೆರೆಗಳ ಆಳದ ನಕ್ಷೆ ಮತ್ತು ಮೀನು ಸಮೀಕ್ಷೆಯ ವರದಿ ಉಚಿತವಾಗಿ ಸಿಗುತ್ತವೆ. ಗಿಡಗಳಿರುವ ಕೊಲ್ಲಿಗೆ ಅಂಟಿಕೊಂಡಂತೆ ಇರುವ ಮಡುವನ್ನು ಹುಡುಕಿ. ಡಿಸೆಂಬರ್‌ನಲ್ಲಿ ನಿಮಗೆ ಸಿಕ್ಕ ಹಿಂಡು ಬಹಳ ದೂರ ಹೋಗಿರಲಿಕ್ಕಿಲ್ಲ. ಇಳಿಜಾರು ಮುಗಿದು ತಳ ಸಮವಾಗುವ ಅಂಚಿನಿಂದ ಆರಂಭಿಸಿ ಮಡುವಿನ ನಡುವಿನವರೆಗೆ, ಇಪ್ಪತ್ತು ಮೂವತ್ತು ಹೆಜ್ಜೆಗೊಂದರಂತೆ ಸಾಲಾಗಿ ತೂತುಗಳನ್ನು ಕೊರೆಯಿರಿ. ಕೊರೆಯುವ ಕೆಲಸವನ್ನೆಲ್ಲ ಹಗಲಿನಲ್ಲೇ ಮುಗಿಸುವುದು ಒಳ್ಳೆಯದು, ಏಕೆಂದರೆ ಮೀನು ಕಚ್ಚುವ ಸಂಜೆಯ ಹೊತ್ತಿನಲ್ಲಿ ಆಗರ್ (ಮಂಜುಗಡ್ಡೆ ಕೊರೆಯುವ ಸಾಧನ) ಸದ್ದು ಮಾಡಿದರೆ ಹಿಂಡು ಬೆದರುತ್ತದೆ.

ಹಿಂಡನ್ನು ಕಾಣಲು ಫ್ಲಾಶರ್ (ನೀರಿಗೆ ಶಬ್ದದ ಅಲೆ ಕಳಿಸಿ ತಳವನ್ನೂ ಮೀನನ್ನೂ ಗೆರೆಗಳಾಗಿ ತೋರಿಸುವ ಸಾಧನ) ಅಥವಾ ಚಿಕ್ಕ ಸೋನಾರ್ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಹಣ ಸ್ವಲ್ಪವೇ ಇದ್ದರೆ ಡೇರೆಯನ್ನು ಮುಂದಿನ ವರ್ಷಕ್ಕೆ ಬಿಟ್ಟು ಇದನ್ನೇ ಮೊದಲು ಕೊಳ್ಳಿ. ಗುಳ್ಳೆಗಳಿಲ್ಲದ ಸ್ವಚ್ಛ ಮಂಜುಗಡ್ಡೆಯಾದರೆ ಮೇಲಿನ ಹಿಮವನ್ನು ಸರಿಸಿ, ಸ್ವಲ್ಪ ನೀರು ಸುರಿದು, ಸಂವೇದಕವನ್ನು ಅದರ ಮೇಲಿಟ್ಟರೆ ತೂತು ಕೊರೆಯದೆಯೇ ಕೆಳಗಿನ ಆಳ ತಿಳಿಯುತ್ತದೆ, ಎಷ್ಟೋ ಸಲ ಮೀನು ಕೂಡ ಕಾಣುತ್ತದೆ. ಬಣ್ಣದ ಫ್ಲಾಶರ್‌ಗಳಲ್ಲಿ ತಳವು ದಪ್ಪ ಕೆಂಪು ಪಟ್ಟಿಯಾಗಿಯೂ ನಿಮ್ಮ ಗಾಳವು ಕೈ ಆಡಿಸಿದಂತೆ ಕುಣಿಯುವ ತೆಳು ಗೆರೆಯಾಗಿಯೂ ತೋರುತ್ತವೆ. ನಡುವೆ ಎಲ್ಲಿಯಾದರೂ ಹಸಿರು ಗೆರೆಯೊಂದು ಮೂಡಿ, ಅಗಲವಾಗಿ, ಕೆಂಪಿಗೆ ತಿರುಗಿದರೆ ಮೀನು ಪಕ್ಕದಿಂದ ನಿಮ್ಮ ತೂತಿನ ನೇರಕ್ಕೆ ಬರುತ್ತಿದೆ ಎಂದರ್ಥ. ಒಂದು ತೂತಿನಲ್ಲಿ ಹತ್ತು ನಿಮಿಷ ಏನೂ ಕಾಣದಿದ್ದರೆ ಮುಂದಿನದಕ್ಕೆ ನಡೆಯಿರಿ.

ಹೊತ್ತಿನ ವಿಷಯ. ಹಗಲಿನಲ್ಲಿ ತಳದ ಕೆಸರಿನಲ್ಲಿ ಅಡಗಿರುವ ಚಾವೊಬೋರಸ್ ಎಂಬ ಗಾಜಿನಂಥ ಮರಿಹುಳಗಳು ಬೆಳಕು ಕುಂದಿದೊಡನೆ ನೀರಿನಲ್ಲಿ ಮೇಲೇರುತ್ತವೆ. ಡಾಫ್ನಿಯಾದಂತಹ ಸೂಕ್ಷ್ಮ ಜೀವಿಗಳದ್ದೂ ಬಹುಮಟ್ಟಿಗೆ ಇದೇ ದಿನಚರಿ. ಕ್ರಾಪಿಗೆ ದೊಡ್ಡ ಕಣ್ಣುಗಳಿವೆ, ಮಬ್ಬು ಬೆಳಕಿನಲ್ಲಿ ಅದು ಚೆನ್ನಾಗಿ ಬೇಟೆಯಾಡುತ್ತದೆ. ಈ ಆಹಾರವನ್ನು ಹಿಂಬಾಲಿಸಿ ಹಿಂಡೂ ಮೇಲೇರುತ್ತದೆ. ಆದ್ದರಿಂದ ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲಿನಿಂದ ಕತ್ತಲಾದ ಮೇಲಿನ ಒಂದೆರಡು ಗಂಟೆಯವರೆಗಿನ ಸಮಯವನ್ನು ಕಳೆದುಕೊಳ್ಳಬೇಡಿ, ಆ ಹೊತ್ತಿನಲ್ಲಿ ಗಾಳದ ಎತ್ತರವನ್ನೂ ಮತ್ತೆ ಮತ್ತೆ ಬದಲಿಸುತ್ತಿರಿ.

ಇನ್ನು ಹಿಡಿಯುವ ಬಗೆ. ಕ್ರಾಪಿಯ ಕಣ್ಣುಗಳು ತಲೆಯ ಮೇಲ್ಭಾಗಕ್ಕಿದ್ದು, ಬಾಯಿ ಮೇಲ್ಮುಖವಾಗಿದೆ. ಅದು ತನಗಿಂತ ಮೇಲಿರುವುದನ್ನು ನೋಡಿ ಏರಿಬಂದು ತಿನ್ನುವ ಮೀನು. ಫ್ಲಾಶರ್‌ನಲ್ಲಿ ಮೀನು ಕಂಡ ಎತ್ತರಕ್ಕಿಂತ ಎರಡು ಮೂರು ಅಡಿ ಮೇಲೆ ಗಾಳವನ್ನು ನಿಲ್ಲಿಸಿ, ಬೆರಳ ತುದಿಯಲ್ಲಿ ನಡುಗಿಸಿದಷ್ಟೇ ಅಲುಗಾಡಿಸಿ, ಮೀನು ಏರತೊಡಗಿದರೆ ಗಾಳವನ್ನೂ ನಿಧಾನವಾಗಿ ಮೇಲೆತ್ತುತ್ತಾ ಬನ್ನಿ. ಕೆಳಗಿನಿಂದ ಬಂದು ಎರೆಯನ್ನು ಬಾಯಿಗೆ ಹಾಕಿಕೊಂಡ ಕ್ರಾಪಿ ಹಾಗೆಯೇ ಮೇಲಕ್ಕೆ ಸಾಗುವುದರಿಂದ ದಾರ ಬಿಗಿಯುವ ಬದಲು ಸಡಿಲವಾಗುತ್ತದೆ. ಕೋಲಿನ ತುದಿಯ ಸ್ಪ್ರಿಂಗ್ ಜಿಗ್ಗಿನ (ಲೋಹದ ಗುಂಡು ಕೂಡಿಸಿದ ಗಾಳದ) ಭಾರಕ್ಕೆ ತುಸು ಬಾಗಿರುತ್ತದೆ. ಅದು ಇದ್ದಕ್ಕಿದ್ದಂತೆ ನೆಟ್ಟಗಾದರೆ ಅದೇ ಕಚ್ಚಿದ ಗುರುತು. ಬೆಂಡು ಕಟ್ಟಿದ್ದರೆ ಅದು ಮುಳುಗದೆ ಅಡ್ಡ ಮಲಗುತ್ತದೆ. ಇದನ್ನು ಗಮನಿಸದವರು ಮೀನು ಕಚ್ಚಲೇ ಇಲ್ಲ ಎಂದುಕೊಳ್ಳುತ್ತಾರೆ. ಆಗ ಜೋರಾಗಿ ಎಳೆಯದೆ, ಮಣಿಕಟ್ಟನ್ನಷ್ಟೇ ಎತ್ತಿ ದಾರವನ್ನು ಬಿಗಿಮಾಡಿ, ಒಂದೇ ಸಮನೆ ಸುತ್ತುತ್ತಾ ಬನ್ನಿ. ಅದರ ಬಾಯಿಯ ಪೊರೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಜಗ್ಗಿದರೆ ಹರಿದು ಮೀನು ತಪ್ಪಿಹೋಗುತ್ತದೆ.

ಸಲಕರಣೆ ಸರಳವಾದುದು. ಎರಡರಿಂದ ಎರಡೂವರೆ ಅಡಿಯ ಮೃದು ಕೋಲು, 2ರಿಂದ 4 ಪೌಂಡ್ ಭಾರ ತಾಳುವ ದಾರ, 3ರಿಂದ 5 ಮಿಲಿಮೀಟರ್‌ನ ಟಂಗ್‌ಸ್ಟನ್ ಜಿಗ್ ಸಾಕು. ಟಂಗ್‌ಸ್ಟನ್ ಸೀಸಕ್ಕಿಂತ ಸಾಂದ್ರವಾದ್ದರಿಂದ ಚಿಕ್ಕದಾಗಿದ್ದರೂ ಬೇಗ ಇಳಿಯುತ್ತದೆ. ಹಿಂಡು ಓಡಾಡುತ್ತಿರುವಾಗ ಆ ಕೆಲವು ಕ್ಷಣಗಳಿಗೂ ಬೆಲೆಯಿದೆ. ಜಿಗ್ಗಿಗೆ ಒಂದೆರಡು ಮೇಣದ ಹುಳ (ಎರೆಯಾಗಿ ಬಳಸುವ ಪತಂಗದ ಮರಿಹುಳ) ಚುಚ್ಚಿ. ಮಿನ್ನೆಸೋಟಾದಲ್ಲಿ ಮಂಜುಗಡ್ಡೆಯ ಮೇಲೆ ಒಬ್ಬರು ಎರಡು ಗಾಳ ಹಾಕಬಹುದಾದ್ದರಿಂದ, ಎರಡನೆಯದಕ್ಕೆ ಬೆನ್ನಿನ ರೆಕ್ಕೆಯ ಕೆಳಗೆ ಚುಚ್ಚಿದ ಜೀವಂತ ಮಿನ್ನೋ ಎಂಬ ಪುಟ್ಟ ಮೀನನ್ನು ಕಟ್ಟಿ ಪಕ್ಕದ ತೂತಿನಲ್ಲಿ ಬಿಡಿ.

ಕೊನೆಗೆ ಹೇಳುತ್ತಿದ್ದರೂ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಪ್ಪತ್ತೈದು, ಮೂವತ್ತು ಅಡಿಗಿಂತ ಆಳದಿಂದ ಎಳೆದ ಕ್ರಾಪಿಯ ಗಾಳಿಚೀಲ ಒತ್ತಡ ಇಳಿದಂತೆ ಉಬ್ಬುತ್ತದೆ, ಕೆಲವೊಮ್ಮೆ ಕಣ್ಣುಗಳೂ ಹೊರಚಾಚುತ್ತವೆ. ಅದನ್ನು ನೀರಿಗೆ ಬಿಟ್ಟರೂ ಬದುಕುವ ಭರವಸೆ ಕಡಿಮೆ. ಆದ್ದರಿಂದ ಆಳದಲ್ಲಿ ಚಿಕ್ಕವನ್ನು ಬಿಟ್ಟು ದೊಡ್ಡವನ್ನು ಆರಿಸುವ ಆಟ ಸಲ್ಲದು. ಊಟಕ್ಕೆ ಬೇಕಾದಷ್ಟು ಇಟ್ಟುಕೊಂಡು ಅಲ್ಲಿಗೇ ಗಾಳ ಎತ್ತಬೇಕು. ರಾಜ್ಯದ ಸಾಮಾನ್ಯ ಮಿತಿ ಒಬ್ಬರಿಗೆ 10, ಕೆಲವು ಕೆರೆಗಳಲ್ಲಿ 5. ನಿಮ್ಮ ಕೆರೆಯ ನಿಯಮವನ್ನು ಮೊದಲೇ ಓದಿಕೊಳ್ಳಿ. ರಾಜ್ಯದ ಉತ್ತರದಲ್ಲಿರುವ ಅಪ್ಪರ್ ರೆಡ್ ಲೇಕ್‌ನಲ್ಲಿ 1990ರ ದಶಕದಲ್ಲಿ ವಾಲೈ ಮೀನು ಕುಸಿದ ಮೇಲೆ ಕ್ರಾಪಿ ವಿಪರೀತ ಹೆಚ್ಚಿದ ಕಥೆಯನ್ನು ಕೇಳಿ ಅಷ್ಟು ದೂರ ಹೋಗುವವರಿದ್ದಾರೆ. ಈಗ ಅಲ್ಲಿ ಮತ್ತೆ ವಾಲೈ ತುಂಬಿದೆ, ಕ್ರಾಪಿಗಾಗಿಯೇ ಆದರೆ ನಿಮ್ಮ ಮನೆಯ ಹತ್ತಿರದ ಕೆರೆಯೇ ಮೇಲು.

ನಡೆದು ಹೋಗಲು ಹೊಸ, ಸ್ವಚ್ಛ ಮಂಜುಗಡ್ಡೆ ಕನಿಷ್ಠ 4 ಇಂಚು ಇರಬೇಕು. ಹಿಮ ಬೆರೆತ ಬಿಳಿ ಮಂಜುಗಡ್ಡೆಯ ಬಲ ಅದರ ಅರ್ಧದಷ್ಟೇ ಆದ್ದರಿಂದ ಇಮ್ಮಡಿ ದಪ್ಪ ಬೇಕು. ಹಾರೆಯಿಂದ ಕುಟ್ಟಿ ನೋಡುತ್ತಾ ಹೆಜ್ಜೆ ಇಡಿ, ಕೊರಳಿಗೆ ಐಸ್ ಪಿಕ್ (ನೀರಿಗೆ ಬಿದ್ದರೆ ಮಂಜುಗಡ್ಡೆಗೆ ಚುಚ್ಚಿ ಮೇಲೇರಲು ನೆರವಾಗುವ ಚೂಪು ಹಿಡಿಗಳು) ಹಾಕಿಕೊಳ್ಳಿ, ಡೇರೆಯೊಳಗೆ ಹೀಟರ್ ಹಚ್ಚಿದರೆ ಗಾಳಿಕಿಂಡಿಯನ್ನು ಮುಚ್ಚಬೇಡಿ.

ನೀವು ಕುಳಿತಿದ್ದ ಕೊಲ್ಲಿ ಯಾವುದು, ಅದರ ಅತಿ ಹೆಚ್ಚಿನ ಆಳ ಎಷ್ಟು ಎಂಬುದನ್ನು ಇಲ್ಲಿ ಬರೆದರೆ ಯಾವ ಅಂಚಿನಿಂದ ತೂತುಗಳನ್ನು ಆರಂಭಿಸಬಹುದೆಂದು ನಕ್ಷೆ ನೋಡಿ ತಿಳಿಸುತ್ತೇನೆ.