ಹೊಕ್ಕುಳಬಳ್ಳಿಯೊಳಗೆ ಕರುಳು: ಕಾಯಬಹುದೇ?

ಎರಡು ದಿನದ ಮಗುವಿನ ಬಳ್ಳಿಯ ಬುಡ ಉಬ್ಬಿದೆ, ಒಳಗೆ ಕರುಳು ಕಾಣುತ್ತಿದೆ, ಹೊಕ್ಕುಳ ಹರ್ನಿಯಾ ತಾನೇ ಹೋಗುತ್ತದಲ್ಲ, ಆಪರೇಷನ್ ಯಾಕೆ ಎಂದು ಕೇಳಿದ್ದೀರಿ. ಇದು ಹೊಕ್ಕುಳಬಳ್ಳಿಯ ಹರ್ನಿಯಾ; ಹೆಸರು ಹತ್ತಿರ, ಕಾಯಿಲೆ ಬೇರೆ. ತಾನಾಗಿ ಮುಚ್ಚಿಕೊಳ್ಳುವುದು ಚರ್ಮ ಹೊದ್ದ ಹರ್ನಿಯಾ; ಅದು ಬಳ್ಳಿ ಬಿದ್ದ ಮೇಲೆ ಕಾಣಿಸುತ್ತದೆ, ಬಹುಪಾಲು 4–5 ವರ್ಷದೊಳಗೆ ಹೋಗುತ್ತದೆ. ನಿಮ್ಮ ಮಗುವಿನ ಕರುಳಿನ ಮೇಲಿರುವುದು ತೆಳುವಾದ ಪಾರದರ್ಶಕ ಪೊರೆ ಮಾತ್ರ. ಗರ್ಭದಲ್ಲಿ ಸುಮಾರು 6ನೇ ವಾರ ಬಳ್ಳಿಯೊಳಕ್ಕೆ ಚಾಚುವ ಕರುಳು 10–12ನೇ ವಾರಕ್ಕೆ ಹೊಟ್ಟೆಗೆ ಮರಳಬೇಕಿತ್ತು. ಸ್ವಲ್ಪ ಅಲ್ಲೇ ಉಳಿದಿದೆ. ಬಳ್ಳಿ ಒಣಗಿದಂತೆ ಪೊರೆಯೂ ಒಣಗಿ ಹರಿಯಬಹುದು, ಸೋಂಕು ಹೊಟ್ಟೆಯೊಳಗೆ ಇಳಿಯಬಹುದು. ಕಾಯಬೇಡಿ.

ಇದರಲ್ಲಿ ಆಗುವ ದೊಡ್ಡ ಅನಾಹುತ ಹೆರಿಗೆ ಕೋಣೆಯಲ್ಲೇ: ಬುಡ ದಪ್ಪಗಿರುವುದನ್ನು ನೋಡದೆ ಹತ್ತಿರದಲ್ಲೇ ಕ್ಲ್ಯಾಂಪ್ (ಬಳ್ಳಿಯನ್ನು ಬಿಗಿಯುವ ಕ್ಲಿಪ್) ಹಾಕಿದರೆ ಕರುಳೇ ಸಿಕ್ಕಿಕೊಳ್ಳುತ್ತದೆ. ಉಬ್ಬು ಮುಗಿದ ಮೇಲೆ, ಸಾಕಷ್ಟು ದೂರ ಬಿಟ್ಟು ಹಾಕಬೇಕು. ನಿಮ್ಮ ಮಗುವಿನ ಕ್ಲ್ಯಾಂಪ್ ಎಲ್ಲಿದೆ ಎಂದು ಈಗಲೇ ಡಾಕ್ಟರಿಗೆ ತೋರಿಸಿ. ಹಸಿರು ವಾಂತಿ, ಹೊಟ್ಟೆಯುಬ್ಬರ, ಬಳ್ಳಿಯಿಂದ ಮಲ ಒಸರುವುದು, ಕರುಳು ಕಪ್ಪಾಗುವುದು ಕಂಡರೆ ಒಂದು ಗಂಟೆಯೂ ತಡ ಬೇಡ.

ಮಕ್ಕಳ ಸರ್ಜನ್ ಬಳಿಗೆ ಸಾಗಿಸುವಾಗ ಬೆಚ್ಚಗಿನ ಸಲೈನಿನಲ್ಲಿ ನೆನೆಸಿದ ಶುದ್ಧ ಗಾಜ್ ಬಟ್ಟೆ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಮಗುವಿನ ಮೈ ಬೆಚ್ಚಗಿರಲಿ, ಹಾಲು ಕೊಡುವ ಮೊದಲು ಡಾಕ್ಟರನ್ನು ಕೇಳಿ. ಒತ್ತಿ ಒಳಗೆ ತಳ್ಳುವುದು, ಬಟ್ಟೆ ಬಿಗಿಯುವುದು ಖಂಡಿತ ಕೂಡದು.

ಹೊಟ್ಟೆಯ ಗೋಡೆಯಲ್ಲಿನ ರಂಧ್ರ ಸಾಮಾನ್ಯವಾಗಿ 4 ಸೆಂ.ಮೀ.ಗಿಂತ ಚಿಕ್ಕದಾದ್ದರಿಂದ ಕರುಳನ್ನು ಒಳಗಿಟ್ಟು ಒಂದೇ ಸಲಕ್ಕೆ ಹೊಲಿಯಲು ಹೆಚ್ಚಾಗಿ ಆಗುತ್ತದೆ. ಕರುಳಿಗೂ ಹೊಕ್ಕುಳಿಗೂ ನಡುವೆ ನಾಳ ಉಳಿದಿದೆಯೇ ಎಂದೂ ಆಗಲೇ ನೋಡುತ್ತಾರೆ.