ಡಿಸ್ಕ್ ತುಂಬಿದೆ ಅನ್ನುತ್ತೆ, ಫೈಲ್ ಮಾತ್ರ ಕಾಣಲ್ಲ. ನಾಟಕ ನೋಡೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು. ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತೀರಿ. ಆಗಾಗ ಡಿಸ್ಕ್ ಪೂರ್ತಿ ತುಂಬಿ ಬಿಲ್ಲಿಂಗ್ ನಿಲ್ಲುತ್ತೆ. ಫೋಲ್ಡರ್‌ಗಳ ಲೆಕ್ಕ ಕೂಡಿಸಿದರೆ ಅರ್ಧ ಡಿಸ್ಕೂ ಆಗಲ್ಲ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ, ಕೆಲವೇ ದಿನಕ್ಕೆ ಮತ್ತೆ ಅದೇ ಕಥೆ. ನಾಟಕಕ್ಕೆ ಹೋಗಿ ಕೂತರೆ ಆಫೀಸಿನಿಂದ ಫೋನ್. ಏನು ಮಾಡಲಿ ಅಂತ ಕೇಳಿದ್ದೀರಿ.

ನಾನೂ ಇದೇ ಊರಲ್ಲಿ ಇದೇ ಕೆಲಸ ಮಾಡುವವನು, ನಾಟಕದ ಹುಚ್ಚೂ ಇದೆ. ಎರಡಕ್ಕೂ ಉತ್ತರ ಹೇಳ್ತೀನಿ.

ಮೊದಲು, ನೋಡದೆ ರೀಸ್ಟಾರ್ಟ್ ಮಾಡೋದನ್ನ ಬಿಡಿ. ಕಾರಣ ಏನು ಅಂತ ತೋರಿಸುವ ಗುರುತೆಲ್ಲ ಅದರಲ್ಲೇ ಅಳಿಸಿಹೋಗುತ್ತೆ. ಬಿಲ್ಲಿಂಗ್ ಹುಡುಗರು ಬಾಗಿಲಲ್ಲಿ ನಿಂತು ಅವಸರ ಮಾಡ್ತಾರೆ, ಗೊತ್ತು. ಐದು ನಿಮಿಷ ಕೇಳಿಕೊಳ್ಳಿ. ಇಎಕ್ಸ್‌ಟಿ4 (ಲಿನಕ್ಸ್ ಫೈಲ್ ಜೋಡಿಸಿಡುವ ಒಂದು ವಿಧಾನ) ಡಿಸ್ಕ್ ಆಗಿದ್ದರೆ ಸಾಮಾನ್ಯವಾಗಿ 5% ಜಾಗ ರೂಟ್‌ಗೆ, ಅಂದ್ರೆ ಎಲ್ಲ ಅಧಿಕಾರ ಇರುವ ಅಡ್ಮಿನ್ ಖಾತೆಗೆ ಅಂತ, ಕಾದಿಟ್ಟಿರುತ್ತೆ. ಹಾಗಾಗಿ ಉಳಿದವರಿಗೆ ಡಿಸ್ಕ್ ತುಂಬಿದ್ದರೂ ನೀವು ಒಳಗೆ ಹೋಗಿ ನಿಧಾನವಾಗಿ ನೋಡಬಹುದು.

ಇಡೀ ಡಿಸ್ಕ್ ಎಷ್ಟು ತುಂಬಿದೆ ಅನ್ನುವ ಡಿಎಫ್ (df) ಕಮಾಂಡ್ ಒಂದು ಲೆಕ್ಕ ಹೇಳಿ, ಫೋಲ್ಡರ್‌ಗಳ ಗಾತ್ರ ಕೂಡಿಸುವ ಡಿಯು (du) ಇನ್ನೊಂದು ಹೇಳಿದರೆ, ಅದೂ ರೀಸ್ಟಾರ್ಟ್‌ಗೆ ಸರಿಹೋದರೆ, ನನ್ನ ಅನುಮಾನ ನೇರ ಒಂದೇ ಕಡೆ ಹೋಗುತ್ತೆ. ಯಾರೋ, ಅಥವಾ ಯಾವುದೋ ಸ್ಕ್ರಿಪ್ಟ್, ದೊಡ್ಡ ಲಾಗ್ ಫೈಲನ್ನು (ಪ್ರೋಗ್ರಾಂ ತನ್ನ ಕೆಲಸದ ದಾಖಲೆ ಬರೆಯುತ್ತಾ ಹೋಗುವ ಫೈಲ್) ಡಿಲೀಟ್ ಮಾಡ್ತಿದೆ. ಆದರೆ ಬಿಲ್ಲಿಂಗ್ ಪ್ರೋಗ್ರಾಂ ಆ ಫೈಲನ್ನು ಇನ್ನೂ ತೆರೆದುಕೊಂಡೇ ಇದೆ. ಪಾತ್ರಧಾರಿಗಳ ಪಟ್ಟಿಯಿಂದ ಹೆಸರು ಹೊಡೆದುಹಾಕಿದ್ದಾಗಿದೆ, ಆ ಮನುಷ್ಯ ಮಾತ್ರ ಸ್ಟೇಜ್ ಮೇಲೆ ನಿಂತೇ ಇದ್ದಾನೆ. ಡಿಯು ನೋಡೋದು ಪಟ್ಟಿಯನ್ನ, ಡಿಎಫ್ ನೋಡೋದು ಸ್ಟೇಜನ್ನ. ಪ್ರೋಗ್ರಾಂ ಆ ಫೈಲನ್ನು ಬಿಡುವ ತನಕ ಜಾಗ ವಾಪಸ್ ಬರಲ್ಲ.

ರೂಟ್ ಆಗಿ, ತೆರೆದಿರುವ ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ ಕಮಾಂಡನ್ನು +ಎಲ್1 ಆಯ್ಕೆಯ ಜೊತೆ ಓಡಿಸಿ (lsof +L1). ಎಲ್ ದೊಡ್ಡಕ್ಷರ, ಪಕ್ಕದ್ದು ಅಂಕಿ ಒಂದು. ಹೆಸರು ಅಳಿಸಿದ್ದರೂ ಇನ್ನೂ ತೆರೆದಿರುವ ಫೈಲ್‌ಗಳಷ್ಟೇ ಅದರಲ್ಲಿ ಬರುತ್ತವೆ. ಒಂದೊಂದು ಸಾಲಿನ ಕೊನೆಗೆ 'ಡಿಲೀಟೆಡ್' ಅಂತ ಇರುತ್ತೆ, ಅದರಲ್ಲೇ ಗಾತ್ರ, ಪ್ರೋಗ್ರಾಂ ಹೆಸರು, ಅದರ ನಂಬರ್. ಹತ್ತಾರು ಜಿಬಿ ಗಾತ್ರದ ಸಾಲು ಕಂಡರೆ ಕಳ್ಳ ಸಿಕ್ಕ. ಇಡೀ ಸರ್ವರ್ ಯಾಕೆ ಮುಟ್ಟಬೇಕು? ಆ ಒಂದು ಪ್ರೋಗ್ರಾಂ ನಿಲ್ಲಿಸಿ ಶುರು ಮಾಡಿದರೆ ಸಾಕು.

ಮುಂದೆ ಹೀಗಾಗದಿರಲು ಆ ಲಾಗನ್ನು ಆರ್‌ಎಂ (rm, ಅಂದ್ರೆ ಡಿಲೀಟ್) ಮಾಡುವ ಸ್ಕ್ರಿಪ್ಟ್ ತೆಗೆದುಹಾಕಿ, ಹಳೆ ಲಾಗ್‌ಗಳನ್ನು ಸರಿಸಿ ನೋಡಿಕೊಳ್ಳುವ ಲಾಗ್‌ರೊಟೇಟ್‌ಗೆ ಒಪ್ಪಿಸಿ. ಹೊಸ ಫೈಲ್ ತೆಗಿ ಅಂತ ಸಿಗ್ನಲ್ ಕೊಟ್ಟರೆ ಕೇಳುವ ಪ್ರೋಗ್ರಾಂ ಆದರೆ ಹಾಗೆ ಮಾಡಿ. ಕೇಳದಿದ್ದರೆ ಲಾಗ್‌ರೊಟೇಟ್‌ನಲ್ಲಿ ಕಾಪಿಟ್ರಂಕೇಟ್ ಆಯ್ಕೆ ಹಾಕಿ, ಅದು ಲಾಗನ್ನು ನಕಲು ಮಾಡಿಟ್ಟು ಮೂಲವನ್ನು ಖಾಲಿ ಮಾಡುತ್ತೆ. ನಕಲು ಮಾಡಿ ಖಾಲಿ ಮಾಡುವ ನಡುವೆ ಒಂದೆರಡು ಸಾಲು ತಪ್ಪಿಹೋಗಬಹುದು, ಬಿಲ್ಲಿಂಗ್ ಲಾಗ್‌ಗೆ ಅದು ನಡೆಯುತ್ತೆ. ಯಾರಾದರೂ ತಪ್ಪು ಹುಡುಕಲು ಎಲ್ಲವನ್ನೂ ಬರೆಯುವ ಡೀಬಗ್ ಲಾಗ್ ಆನ್ ಮಾಡಿ ಮರೆತಿದ್ದಾರಾ ಅಂತಾನೂ ನೋಡಿ. ಇಷ್ಟು ಬೇಗ ತುಂಬುತ್ತಿದೆ ಅಂದ್ರೆ ಅದೇ ಇರಬೇಕು.

ಈಗ ನಾಟಕದ ವಿಷಯ. ಇದನ್ನೂ ಅಷ್ಟೇ ಗಂಭೀರವಾಗಿ ಹೇಳ್ತಿದ್ದೀನಿ.

ಫೋನ್ ಆಫ್ ಮಾಡಿ ಕೂತರೆ ಮನಸ್ಸು ಆಫೀಸಲ್ಲೇ ಇರುತ್ತೆ, ಅದರಿಂದ ಉಪಯೋಗ ಇಲ್ಲ. ಡಿಸ್ಕ್ 80% ದಾಟಿದಾಗಲೇ ಹಗಲು ಹೊತ್ತು ಮೇಲ್ ಬರೋ ಹಾಗೆ ಮಾಡಿ. ಫೋನ್ ಬಾರಿಸೋದು 95% ದಾಟಿದರೆ, ಇಲ್ಲವೇ ಸರ್ವರ್ ರೂಮು ಕಾದರೆ ಮಾತ್ರ. ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತೆ. ಯುಪಿಎಸ್ ಬ್ಯಾಟರಿ ಆಯುಷ್ಯದ ಲೆಕ್ಕ ಇರೋದು 25 ಡಿಗ್ರಿಗೆ. ಅದರ ಮೇಲೆ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧ ಆಗುತ್ತೆ. ಫ್ಯಾನಿನ ಜಾಳಿಗೆಗೆ ಮೆತ್ತುವ ಕೆಂಧೂಳನ್ನು ಯುಗಾದಿಗೆ ಮುಂಚೆಯೇ ಒರೆಸಿಬಿಡಿ.

ಆಮೇಲೆ ಒಬ್ಬರನ್ನು ತಯಾರು ಮಾಡಿ. ಅಕೌಂಟ್ಸ್‌ನಲ್ಲಿ ಸ್ವಲ್ಪ ಚುರುಕಿರೋ ಒಬ್ಬರು ಸಾಕು. ಯಾವ ಕಮಾಂಡ್, ಏನು ಕಾಣಬೇಕು, ಏನು ಮುಟ್ಟಬಾರದು, ಇಷ್ಟನ್ನ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ರ‍್ಯಾಕಿನ ಬಾಗಿಲಿಗೆ ಅಂಟಿಸಿ. ನೀವು ಪಕ್ಕದಲ್ಲಿ ಕೂತು ಅವರ ಕೈಯಿಂದಲೇ ಒಂದು ಸಲ ಮಾಡಿಸಿ. ಹಗಲಲ್ಲಿ ಮಾಡದ ಕೆಲಸವನ್ನು ರಾತ್ರಿ ಗಾಬರಿಯಲ್ಲಿ ಯಾರೂ ಮಾಡಲ್ಲ.

ಯಜಮಾನರಿಗೂ ಮುಂಚೆಯೇ ಹೇಳಿ, ಮುಚ್ಚಿಡಬೇಡಿ. ಕೆಲಸದ ಜೊತೆ ರಂಗದ ಹಂಬಲ ಇಟ್ಟುಕೊಳ್ಳೋದು ಈ ಊರಿಗೆ ಹೊಸದಲ್ಲ. ಬಳ್ಳಾರಿ ರಾಘವ ಅವರು (1880–1946) ವಕೀಲರಾಗಿದ್ದುಕೊಂಡೇ ಅಷ್ಟು ದೊಡ್ಡ ನಟರಾದವರು. ರಾಘವ ಕಲಾಮಂದಿರಕ್ಕೆ ಇರೋದು ಅವರದೇ ಹೆಸರು. ಅಲ್ಲಾಗಲಿ, ಜೋಳದರಾಶಿ ದೊಡ್ಡನಗೌಡ ರಂಗಮಂದಿರದಲ್ಲಾಗಲಿ ನಾಟಕ ಅಂದ್ರೆ ಎರಡು ಮೂರು ಗಂಟೆಯ ಮಾತು. ಅಷ್ಟು ಹೊತ್ತು ನಿಮ್ಮ ಆ ಒಬ್ಬರು ಖಂಡಿತ ಸಂಭಾಳಿಸ್ತಾರೆ.

ಹಳ್ಳಿಯ ಬಯಲಾಟ ಬೇರೆ ಲೆಕ್ಕ. ರಾತ್ರಿ ಊಟ ಮುಗಿಸಿ ಜನ ಸೇರಿದ ಮೇಲೆ ಶುರು, ಮುಗಿಯೋದು ಬೆಳಕು ಹರಿದಾಗ. ಒಬ್ಬೊಬ್ಬ ವೀರನೂ ಬಂದು ಹಲಗೆ ಅದುರುವಂತೆ ಕುಣಿದು ನಿಂತಾಗ ಆಟ ನಡೆಸುವ ಸಾರಥಿ ನೀವು ಯಾರು ಅಂತ ಕೇಳ್ತಾನೆ. ಆ ವೀರ ಕುಲ, ಊರು, ಪರಾಕ್ರಮ ಎಲ್ಲ ಹೇಳಿ ಮುಗಿಸಬೇಕು, ಆಮೇಲೆ ಮದ್ದಳೆ ಮತ್ತೆ ಏರಬೇಕು. ಆ ಹೊತ್ತಲ್ಲಿ ಎದ್ದು ಸಿಗ್ನಲ್ ಹುಡುಕಿಕೊಂಡು ಕಣದ ಕಡೆ ಓಡೋದು ಬೇಡ. ಅಂಥ ರಾತ್ರಿಗೆ ರಜೆಯನ್ನೇ ಹಾಕಿ. ಮರುದಿನ ಬೆಳಿಗ್ಗೆಯದ್ದೂ ಸೇರಿಸಿ ಹಾಕಿ, ನಿದ್ದೆಗಣ್ಣಲ್ಲಿ ರೂಟ್ ಪಾಸ್‌ವರ್ಡ್ ಮುಟ್ಟಬಾರದು.

ಮುಂದಿನ ಸಲ ಡಿಸ್ಕ್ ತುಂಬಿದಾಗ ಆ ಎಲ್‌ಎಸ್‌ಒಎಫ್ ಸಾಲುಗಳನ್ನು ಇಲ್ಲಿ ಹಾಕಿ, ಐಪಿ ವಿಳಾಸ ಮತ್ತು ಕಂಪನಿ ಹೆಸರು ಅಳಿಸಿ. ಒಂದೂ ಸಾಲು ಬರದಿದ್ದರೆ ಅದನ್ನೂ ತಿಳಿಸಿ. ಆಗ ಬ್ಯಾಕಪ್ ಡ್ರೈವ್ ಮೌಂಟ್ ಆಗದೆ (ತನ್ನ ಫೋಲ್ಡರ್‌ಗೆ ಜೋಡಣೆಯಾಗದೆ) ಇದ್ದಾಗ ಆ ಫೋಲ್ಡರ್‌ನಲ್ಲಿ ಬರೆದ ಫೈಲ್‌ಗಳು, ಆಮೇಲೆ ಡ್ರೈವ್ ಜೋಡಣೆಯಾದಾಗ ಅದರ ಅಡಿಯಲ್ಲಿ ಮುಚ್ಚಿಹೋಗಿವೆಯಾ ಅಂತ ನೋಡೋಣ.